ಮೂರು ಕೀಬೋರ್ಡು, ಎರಡು ಕಿವಿ

ಮನೆ, ಊಟದ ಮೇಜು
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಹಡಗಿನ ಓಲಾಟ ಮೈಗೆ ಒಗ್ಗಿತೇ? ನಿನ್ನ ಮೊದಲ ಕಾಗದದಲ್ಲಿ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಬರೆದಿದ್ದೆ. ಎರಡನೆಯದರಲ್ಲಿ ಹಡಗಿನ ಅಡುಗೆಯವನು ಮಾಡುವ ಕೇಕಿನ ವರ್ಣನೆಯೇ ಒಂದು ಪುಟ ಇತ್ತು. ಹಾಗಾದರೆ ಒಗ್ಗಿದೆ ಎಂದು ನಾವೇ ತೀರ್ಮಾನ ಮಾಡಿಕೊಂಡೆವು. ಬೆನ್ನುನೋವು ಹೇಗಿದೆ? ಹಡಗಿನ ಬ್ಯಾಂಡಿನಲ್ಲಿ ಕೀಬೋರ್ಡು ನುಡಿಸಲು ಕೊಟ್ಟ ಸ್ಟೂಲು ತಗ್ಗಾಗಿದ್ದರೆ ಒಂದು ದಿಂಬು ಹಾಕಿಕೊಂಡು ಕೂರು. ನೋಡಿದವರು ನಕ್ಕರೆ ನಗಲಿ, ದಿನಕ್ಕೆ ಐದು ಗಂಟೆ ಕೂರುವ ಬೆನ್ನು ಅವರದಲ್ಲ. ಇನ್ನೊಂದು ಮಾತು. ನಿನ್ನನ್ನು ಡ್ರಮ್ಮಿನವನ ಮಗ್ಗುಲಲ್ಲೇ ಕೂರಿಸಿದ್ದಾರೆ ಎಂದಿದ್ದೆಯಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ? ಇಟ್ಟುಕೋ. ಈ ಮಾತನ್ನು ಕಾಗದ ಮುಗಿಯುವುದರೊಳಗೆ ಇನ್ನೊಮ್ಮೆ ಹೇಳಲಿದ್ದೇನೆ, ಅಜ್ಜಿಗೆ ಮರೆವು ಬಂತು ಎಂದುಕೊಳ್ಳಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮನಿಗೆ ಬಸ್ ಡಿಪೋದಲ್ಲಿ ಬೆಳಗಿನ ಪಾಳಿ ಬಂದಿದೆ. ನಾಲ್ಕೂವರೆಗೆ ಎದ್ದು ಹೋಗುವಾಗ ನಮಗೆ ಎಚ್ಚರವಾಗದಿರಲೆಂದು ಬಾಗಿಲನ್ನು ಮೆಲ್ಲಗೆ ಎಳೆಯುತ್ತಾಳೆ, ಅದು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಮತ್ತೆ ತೆಗೆದು ಧಡಾರನೆ ಹಾಕುತ್ತಾಳೆ. ತಾತನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದಂತೆ, ಇಳಿಯುವಾಗ ಇಲ್ಲವಂತೆ. ಮೂರನೇ ಮಹಡಿಯಲ್ಲಿ ಮನೆ ಮಾಡಿದವರಿಗೆ ಅರ್ಧ ದಾರಿಯಾದರೂ ಸುಖ ಸಿಕ್ಕಿತಲ್ಲ ಎನ್ನುತ್ತಾರೆ. ಬಡಗಿ ಕೆಲಸ ಬಿಟ್ಟು ಮೂರು ವರ್ಷವಾದರೂ ಅವರ ಜೇಬಿನಿಂದ ಅಳತೆಪಟ್ಟಿ ಹೊರಗೆ ಬಂದಿಲ್ಲ. ಮೊನ್ನೆ ಶುಕ್ರವಾರ ಡಾಕ್ಟರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾಗ ಬೆಂಚನ್ನು ಅಳೆದು, ಇದರ ಒಂದು ಕಾಲು ಗಿಡ್ಡ ಎಂದು ನರ್ಸಿಗೆ ತಿಳಿಸಿ ಬಂದರು. ಡಾಕ್ಟರ ಹತ್ತಿರ ಏಕೆ ಹೋಗಿದ್ದೆವು ಎಂಬುದನ್ನು ಮುಂದೆ ಹೇಳುತ್ತೇನೆ. ಗಾಬರಿಯಾಗಬೇಡ, ಎಲ್ಲರೂ ನೆಟ್ಟಗೆ ನಡೆದಾಡಿಕೊಂಡಿದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಡಗಿನಿಂದ ನೀನು ಆಡುವ ಮಾತು ಅರ್ಧ ಸಮುದ್ರಕ್ಕೆ ಬೀಳುತ್ತದೆ, ಉಳಿದರ್ಧ ತಾತನ ಹಲೋ ಹಲೋದಲ್ಲಿ ಮುಳುಗಿಹೋಗುತ್ತದೆ.

ಈಗ ನೀನು ಒಪ್ಪಿಸಿದ ಕೆಲಸಕ್ಕೆ ಬರುತ್ತೇನೆ. ನಿನ್ನ ಕಾಗದವನ್ನು ತಾತನಿಗೆ ಎರಡು ಸಲ ಓದಿ ಹೇಳಿದೆ. ಮೇ ತಿಂಗಳಲ್ಲಿ ಹಡಗಿನಿಂದ ಇಳಿದ ಕೂಡಲೇ ನಿನಗೆ ರಂಗಮಂದಿರದಲ್ಲಿ ಜಾಗ ಗಟ್ಟಿಯಾಗಿದೆ, ಇಡೀ ವಾದ್ಯಮೇಳದ ಕೆಲಸವನ್ನು ನೀನೊಬ್ಬಳೇ ಮಾಡಬೇಕು. ಅದಕ್ಕೆ ಪಿಯಾನೋ, ಆರ್ಗನ್ನು, ಪಿಟೀಲು, ತುತ್ತೂರಿ, ಡ್ರಮ್ಮು ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ತುಂಬಿಕೊಂಡು, ನುಡಿಸಿದ್ದನ್ನು ತಾನೇ ಮುದ್ರಿಸಿಯೂ ಇಟ್ಟುಕೊಳ್ಳುವ ವರ್ಕ್‌ಸ್ಟೇಷನ್ ಕೀಬೋರ್ಡು ಬೇಕು. ಮೂರು ಕಂಪನಿಗಳ ಅತಿ ದೊಡ್ಡ ಮಾದರಿಗಳನ್ನು ನಾನು ಅಂಗಡಿಗೆ ಹೋಗಿ ಪರೀಕ್ಷೆ ಮಾಡಿ ಯಾವುದು ಎಂದು ಹೇಳಬೇಕು. ಇಲ್ಲವೇ, ಅವುಗಳ ಮುಂದಿನ ಮಾದರಿ ಬರುವವರೆಗೆ ಕಾಯುವುದೇ ಮೇಲು ಎನ್ನಿಸಿದರೆ ಅದನ್ನೂ ಹೇಳಬೇಕು. ಕಾಯುವುದಾದರೆ ಅಲ್ಲಿಯವರೆಗೆ ರಂಗಮಂದಿರದವರ ಹಳೆಯ, ಅರವತ್ತೊಂದೇ ಕೀಗಳ ಕೀಬೋರ್ಡಿನಲ್ಲಿ ಹೇಗೋ ಕಾಲ ತಳ್ಳುತ್ತೀಯ. ಒಮ್ಮೆ ಕೊಂಡರೆ ಮಾತ್ರ ಹತ್ತು ವರ್ಷ ಇನ್ನೊಂದರ ಮಾತೆತ್ತುವ ಹಾಗಿಲ್ಲ. ಇಷ್ಟರ ಜೊತೆಗೆ ಹದಿನಾರು ಪ್ರಶ್ನೆಗಳ ಪಟ್ಟಿ. ಎಲ್ಲದರ ಕೆಳಗೆ ಒಂದು ಸಾಲು: ಅಜ್ಜಿ, ನಿನ್ನ ಕಿವಿ ಯಾವುದನ್ನು ಒಪ್ಪುತ್ತದೋ ಅದೇ ನನ್ನದು.

ಆ ಸಾಲನ್ನು ಓದಿ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಹಾಗೆ ಬೀಗುವುದಕ್ಕೆ ನನಗೆ ಹಕ್ಕೂ ಇತ್ತು ಎಂದುಕೊಂಡಿದ್ದೆ. ನಲವತ್ತಾರು ವರ್ಷ ಈ ಊರಿನ ಶಾಲೆ, ಹೋಟೆಲು, ರಂಗಮಂದಿರಗಳ ಪಿಯಾನೋಗಳಿಗೆ ಶ್ರುತಿ ಮಾಡಿದವಳು ನಾನು. ಮರದ ಕೆಲಸ ತಾತನದು, ತಂತಿಯ ಕೆಲಸ ನನ್ನದು. ನಾಲ್ಕು ವರ್ಷದವಳಿದ್ದಾಗ ನೀನು ನನ್ನ ಉಪಕರಣದ ಚೀಲ ಎಳೆದುಕೊಂಡು ಜೊತೆಗೆ ಬಂದು ಪಿಯಾನೋದ ಕೆಳಗೆ ಕೂರುತ್ತಿದ್ದೆ. ನಾನು ತೀರಾ ಮೇಲಿನ ಸಪ್ತಕದ ಸಣ್ಣ ಸ್ವರಗಳಿಗೆ ಬಂದಾಗ, ಅಜ್ಜೀ, ಇರುವೆ ಓಡ್ತಿವೆ ಎನ್ನುತ್ತಿದ್ದೆ. ಅಂದಿನಿಂದ ಅದು ನಮ್ಮ ಮನೆಯಲ್ಲಿ ಇರುವೆ ಓಣಿಯೇ ಆಗಿಬಿಟ್ಟಿತು. ಇವತ್ತಿಗೂ ಯಾವ ಹಾಡು ನುಡಿಸಿದರೂ ಕೊನೆಯಲ್ಲಿ ಒಮ್ಮೆ ಇರುವೆ ಓಣಿಗೆ ಹೋಗಿ ಬರದೆ ನೀನು ಮುಗಿಸುವುದಿಲ್ಲ, ಅದು ನನಗೆ ಗೊತ್ತು. ಆದರೆ ನೋಡು, ಅದನ್ನು ನಾನು ಕೇಳಿದ್ದೆಲ್ಲ ಪರರ ಮನೆಯಲ್ಲಿ, ಪರರ ಪಿಯಾನೋದ ಮೇಲೆ. ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಮಾಡಿದವಳ ಮನೆಗೆ ಒಂದು ಪಿಯಾನೋ ಬರಲಿಲ್ಲ, ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅದು ತಿರುಗುವುದಿಲ್ಲ. ತಾತ ಮೂರು ಸಲ ಅಳೆದು ಮೂರು ಸಲವೂ ತಲೆ ಅಲ್ಲಾಡಿಸಿದ್ದಾರೆ. ನಿನಗೆ ತಂದುಕೊಟ್ಟ ಆ ಸಣ್ಣ ಕೀಬೋರ್ಡಿನಲ್ಲಿ ಇರುವೆ ಓಣಿಗೆ ಹೋಗುವ ದಾರಿಯೇ ಇರಲಿಲ್ಲ.

ಅಂತೂ ಒಂದನೇ ತಾರೀಖು ಶನಿವಾರ ಇಬ್ಬರೂ ಸೇತುವೆಯಾಚೆಯ ವಾದ್ಯದ ಅಂಗಡಿಗೆ ಹೋದೆವು. ನಾನು ಪಟ್ಟಿಯನ್ನೂ, ಔಷಧದಂಗಡಿಯ ಹಳೆಯ ತಕ್ಕಡಿಯಿಂದ ಬಂದ ನನ್ನ ಹಿತ್ತಾಳೆ ತೂಕದ ಬಟ್ಟುಗಳನ್ನೂ ತೆಗೆದುಕೊಂಡಿದ್ದೆ. ತಾತ ಅಳತೆಪಟ್ಟಿಯನ್ನು ತೆಗೆದುಕೊಂಡಿದ್ದರು ಎಂದು ಬೇರೆ ಹೇಳಬೇಕಿಲ್ಲ. ಮೇಲಿನ ಮಹಡಿಯಲ್ಲಿ ಕೀಬೋರ್ಡುಗಳನ್ನು ನೋಡಿಕೊಳ್ಳುವ ಹುಡುಗಿಗೆ ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಒಂದು ದೂರಕ್ಕೆ, ಒಂದು ಹತ್ತಿರಕ್ಕೆ ಅಂತೆ. ಬಂದವರು ಮುದುಕರು, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಆಟಿಕೆ ಕೇಳುತ್ತಾರೆ ಎಂದುಕೊಂಡಿದ್ದಳೋ ಏನೋ, ನಾನು ಒಂದು ಕೀಯ ತುದಿಗೆ ಬಟ್ಟುಗಳನ್ನು ಒಂದೊಂದಾಗಿ ಪೇರಿಸಿ ಎಷ್ಟು ಗ್ರಾಂಗೆ ಕೆಳಗಿಳಿಯುತ್ತದೆ ಎಂದು ಬರೆದುಕೊಳ್ಳತೊಡಗಿದಾಗ ಕನ್ನಡಕ ಬದಲಾಯಿಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಅಷ್ಟರಲ್ಲಿ ತಾತ ಮೂರೂ ಕೀಬೋರ್ಡುಗಳ ಬೆನ್ನನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಇಷ್ಟು ದೊಡ್ಡ ಕಂಪನಿಯವರಿಗೆ ಒಂದು ತುಂಡು ಮರ ಸಿಗಲಿಲ್ಲವೇ ಎಂದು ಅವಳನ್ನೇ ತರಾಟೆಗೆ ತೆಗೆದುಕೊಂಡರು. ಪಾಪ, ಅವಳು ಅದಕ್ಕೂ ಕ್ಷಮೆ ಕೇಳಿದಳು.

ಕಂಪನಿಯವರು ಇಟ್ಟ ಹೆಸರುಗಳಲ್ಲಿ ಅಕ್ಷರಕ್ಕಿಂತ ಅಂಕಿಯೇ ಹೆಚ್ಚು, ನನ್ನ ನಾಲಗೆಗೆ ಹತ್ತಲಿಲ್ಲ. ಹಾಗಾಗಿ ನಾನೇ ನಾಮಕರಣ ಮಾಡಿದೆ. ಮೊದಲನೆಯದು ದೊಡ್ಡಪ್ಪ. ಕಪ್ಪು ಮೈ, ಎತ್ತಲು ಇಬ್ಬರು ಬೇಕು, ಸ್ವಿಚ್ಚು ಒತ್ತಿದರೆ ಎದ್ದು ಕೂರಲು ಎರಡೂವರೆ ನಿಮಿಷ ಬೇಕು, ನಾನು ಗಡಿಯಾರ ಹಿಡಿದು ನೋಡಿದೆ. ಆದರೆ ಎದ್ದ ಮೇಲೆ ಆ ಪಿಯಾನೋದ ಗತ್ತೇ ಬೇರೆ. ಕೆಳಗಿನ ಕೀಗಳು ಭಾರ, ಮೇಲೆ ಹೋದ ಹಾಗೆ ಹಗುರ, ಒಳ್ಳೆಯ ಪಿಯಾನೋದಲ್ಲಿ ಇರಬೇಕಾದ ಹಾಗೇ ಇದೆ. ನಡುವಿನ ಕೀ ನಲವತ್ತೆಂಟು ಗ್ರಾಂಗೆ ತಲೆ ಬಾಗಿತು. ಎರಡನೆಯದು ಮದುಮಗಳು. ಮೈ ತುಂಬಾ ದೀಪ, ಅಂಗೈಯಗಲದ ಗಾಜಿನ ಪರದೆ, ಮುಟ್ಟಿದ ಕಡೆಯೆಲ್ಲ ಬಣ್ಣ. ನೋಡಿದ ತಕ್ಷಣ ನಾನು ಮೂಗು ಮುರಿದೆ. ಆದರೆ ನಿನ್ನ ಪಟ್ಟಿಯ ಐದನೇ ಪ್ರಶ್ನೆ ಇತ್ತಲ್ಲ, ಆರ್ಗನ್ನಿನ ಸ್ವರವನ್ನು ಹಿಡಿದುಕೊಂಡೇ ಪಿಟೀಲಿಗೆ ಬದಲಾಯಿಸಿದರೆ ಆರ್ಗನ್ನು ತಾನಾಗಿ ಆರುತ್ತದೆಯೋ, ಕತ್ತು ಹಿಸುಕಿದ ಹಾಗೆ ನಿಲ್ಲುತ್ತದೆಯೋ ಎಂದು. ಅದರಲ್ಲಿ ಇವಳನ್ನು ಮೀರಿಸಿದವರಿಲ್ಲ. ಹದಿನೆಂಟು ಸಲ ಬದಲಾಯಿಸಿದೆ, ಒಮ್ಮೆಯೂ ಹೊಲಿಗೆ ಕಾಣಲಿಲ್ಲ. ಏಳುವುದಕ್ಕೂ ತಡವಿಲ್ಲ. ಕೀಗಳು ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ತೂಕ, ಅದು ನನ್ನ ಬೆರಳಿಗೆ ಸ್ವಲ್ಪ ಸಪ್ಪೆ ಎನ್ನಿಸಿತು. ಮೂರನೆಯದು ಗುಮಾಸ್ತ. ಅವನ ಹತ್ತಿರ ಇಲ್ಲದ್ದು ಯಾವುದೂ ಇಲ್ಲ, ಧ್ವನಿಮುದ್ರಣದ ಕೆಲಸದಲ್ಲಂತೂ ಅವನೇ ಎಲ್ಲರಿಗಿಂತ ಮುಂದೆ. ಆದರೆ ಕೇಳಿದ್ದು ಕೈಗೆ ಬರಬೇಕಾದರೆ ಒಂದು ಪುಟದೊಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು. ನಾಟಕದಲ್ಲಿ ನಾಯಕಿ ಸತ್ತು ಬೀಳುವ ಹೊತ್ತಿಗೆ ಬೇಕಾದ ಪಿಟೀಲು ಅವಳು ಪರದೆ ಸರಿಸಿ ಕೈಮುಗಿಯುವಾಗ ಸಿಗುತ್ತದೆ.

ಇಷ್ಟಾದ ಮೇಲೆ ನಾನು ಇರುವೆ ಓಣಿಗೆ ಹೋದೆ. ದೊಡ್ಡಪ್ಪನ ಮೇಲಿನ ಸಪ್ತಕ ಕಂಬಳಿ ಹೊದ್ದು ಮಲಗಿದ ಹಾಗೆ ಕೇಳಿಸಿತು. ಸಣ್ಣ ಗಂಟೆಗಳ ನಾದಕ್ಕೆ ಬದಲಾಯಿಸಿದೆ, ಕೊನೆಯ ಕೆಲವು ಕೀಗಳಿಂದ ಏನೂ ಬರಲೇ ಇಲ್ಲ. ಸರಿ, ಈ ಕೀಬೋರ್ಡಿನಲ್ಲೇ ಏನೋ ಕೆಟ್ಟಿದೆ ಎಂದು ಮದುಮಗಳ ಹತ್ತಿರ ಹೋದೆ. ಅಲ್ಲೂ ಅದೇ ಕಥೆ. ಗುಮಾಸ್ತನದೂ ಅದೇ. ನನಗೆ ಸಿಟ್ಟು ನೆತ್ತಿಗೇರಿತು. ಹುಡುಗಿಯನ್ನು ಕರೆದು, ಇಷ್ಟೆಲ್ಲ ದೀಪ ಹಾಕುವವರು ಮೇಲಿನ ಸಪ್ತಕದಲ್ಲಿ ಕೈ ಕೊಟ್ಟಿದ್ದಾರಲ್ಲ ಎಂದು ದಬಾಯಿಸಿದೆ. ಅವಳು ಒತ್ತಿ ನೋಡಿದಳು, ನನ್ನ ಮುಖ ನೋಡಿದಳು, ತಾತನ ಮುಖ ನೋಡಿದಳು, ರಿಪೇರಿಯವರು ಇವತ್ತು ಬಂದಿಲ್ಲ, ಗುರುವಾರ ಬರುತ್ತೀರಾ ಅಜ್ಜಿ ಎಂದಳು. ಬರುತ್ತೇನೆ, ಅದಕ್ಕೆ ಮೊದಲು ನಿಮ್ಮ ಗ್ರಾಹಕರ ಪುಸ್ತಕ ಕೊಡು ಎಂದು ತರಿಸಿಕೊಂಡು ಅರ್ಧ ಪುಟ ಗೀಚಿದೆ. ಮೂರೂ ಮಾದರಿಗಳಲ್ಲಿ ಮೇಲಿನ ಸಪ್ತಕ ದೋಷಪೂರಿತ, ನಲವತ್ತಾರು ವರ್ಷ ಶ್ರುತಿ ಮಾಡಿದವಳ ಕಿವಿಗೆ ಯಾರೂ ಮಣ್ಣೆರಚಲಾರರು, ಹೀಗೆಲ್ಲ ಬರೆದು ದೊಡ್ಡದಾಗಿ ಸಹಿ ಹಾಕಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಈಗಿನ ಕಾಲವನ್ನು ಬೈದೆ. ನಿನ್ನ ತಾತ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಆ ಮನುಷ್ಯ ಸುಮ್ಮನಿರುವವರಲ್ಲ.

ಗುರುವಾರ ಇಬ್ಬರೂ ಹೋದಾಗ ರಿಪೇರಿಯವರೂ ಇರಲಿಲ್ಲ, ಹುಡುಗಿಯ ಹೊರತು ಬೇರೆ ಯಾರೂ ಇರಲಿಲ್ಲ. ಹುಡುಗಿ ನನ್ನನ್ನು ಮದುಮಗಳ ಮುಂದೆ ಕೂರಿಸಿ ಒಂದು ಸಾಲು ಸಣ್ಣ ಹಸಿರು ದೀಪಗಳನ್ನು ತೋರಿಸಿದಳು. ಸದ್ದು ಎಷ್ಟು ಬರುತ್ತದೋ ಅಷ್ಟು ದೀಪ ಹತ್ತುತ್ತದೆ, ನಡುವಿನಿಂದ ಒಂದೊಂದೇ ಕೀ ಒತ್ತುತ್ತ ಮೇಲೆ ಹೋಗಿ ಅಜ್ಜಿ ಎಂದಳು. ಹೋದೆ. ಒಂದು ಕಡೆ ಬಂದ ಮೇಲೆ ದೀಪ ಮೊದಲಿನಷ್ಟೇ ಎತ್ತರಕ್ಕೆ ಕುಣಿಯುತ್ತಿದೆ, ನನಗೆ ಮಾತ್ರ ನನ್ನ ಬೆರಳು ಕೀಗೆ ತಗಲುವ ಟಕ್ ಟಕ್ ಬಿಟ್ಟರೆ ಬೇರೇನೂ ಇಲ್ಲ. ದೀಪ ಕೆಟ್ಟಿದೆ ಎಂದೆ. ಅವಳು ಹೆಡ್‌ಫೋನು ತಂದು ನನ್ನ ತಲೆಗೆ ಹಾಕಿದಳು. ಮತ್ತೆ ಟಕ್ ಟಕ್. ಹೆಡ್‌ಫೋನು ತೆಗೆದು, ಮತ್ತೆ ಒತ್ತುತ್ತ, ತಾತನ ಕಡೆಗೆ ತಿರುಗಿ ನಿಮಗೆ ಕೇಳಿಸುತ್ತಿದೆಯೇ ಎಂದು ಕೇಳಿದೆ. ಅವರು ತಮ್ಮ ಚಪ್ಪಲಿಯನ್ನೇ ನೋಡಿಕೊಂಡು, "ಕೇಳಿಸ್ತಾ ಇದೆ ಕಣೇ. ಶನಿವಾರಾನೂ ಕೇಳಿಸ್ತಿತ್ತು," ಎಂದರು.

ನನಗೆ ಅಳು ಬಂತು ಗುಬ್ಬಿ. ನಿನ್ನಿಂದ ಮುಚ್ಚಿಡುವುದೇನಿದೆ. ಆ ಕೀಯ ಮೇಲಿನ ಬೆರಳನ್ನು ತೆಗೆಯದೆ ಒಂದು ನಿಮಿಷ ಅತ್ತೆ. ಹುಡುಗಿ ಎರಡೂ ಕನ್ನಡಕ ತೆಗೆದು ಒರೆಸತೊಡಗಿದಳು, ತಾತ ನನ್ನ ಬೆನ್ನ ಮೇಲೆ ಕೈ ಇಟ್ಟರು. ಆಮೇಲೆ ನನಗೆ ಒಂದು ವಿಷಯ ನೆನಪಾಗಿ, ಅಳುತ್ತಿದ್ದವಳು ನಕ್ಕುಬಿಟ್ಟೆ. ನಲವತ್ತು ವರ್ಷದಿಂದ ಈ ಮನುಷ್ಯನನ್ನು ಕಿವುಡ ಎಂದು ಬೈಯುತ್ತ ಬಂದಿದ್ದೇನೆ. ಕರೆದರೆ ಕೇಳಿಸುವುದಿಲ್ಲ, ತರಕಾರಿ ತನ್ನಿ ಎಂದರೆ ಕೇಳಿಸುವುದಿಲ್ಲ, ಗರಗಸದ ಸದ್ದಿಗೆ ಕಿವಿಯೆಲ್ಲ ಹೋಗಿದೆ ಎಂದು ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡಿದ್ದೇನೆ. ನೋಡಿದರೆ ಅವರಿಗೆ ಇರುವೆಗಳ ಹೆಜ್ಜೆಯೂ ಕೇಳಿಸುತ್ತದೆ, ತರಕಾರಿಯ ಮಾತು ಮಾತ್ರ ಕೇಳಿಸುವುದಿಲ್ಲ. ಇದನ್ನು ಅಲ್ಲೇ ಹೇಳಿದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶನಿವಾರವೇ ಏಕೆ ಹೇಳಲಿಲ್ಲ ಎಂದು ತಾತನನ್ನು ಕೇಳಿದ್ದಕ್ಕೆ, ನೀನು ಅಷ್ಟು ಖುಷಿಯಾಗಿ ಬೈತಿದ್ದೆ ಎಂದರು.

ಹುಡುಗಿ ಚಹಾ ತರಿಸಿದಳು. ನನ್ನ ಮನಸ್ಸು ಬೇರೆ ಕಡೆಗೆ ತಿರುಗಲೆಂದೋ ಏನೋ, ಮುಂದೆ ಬರುವ ಮಾದರಿಗಳ ಮಾತು ತೆಗೆದಳು. ಇದು ನಿನ್ನ ಹನ್ನೆರಡನೇ ಪ್ರಶ್ನೆ. ಯಾವ ಕಂಪನಿಯವರೂ ಇನ್ನೂ ಬಾಯಿ ಬಿಟ್ಟಿಲ್ಲ, ಎಲ್ಲವೂ ಅವಳ ಅಂದಾಜು, ಅದನ್ನು ನೆನಪಿಟ್ಟುಕೊಂಡು ಓದು. ಅವಳು ಹಳೆಯ ಮಾದರಿಗಳು ಬಂದ ವರ್ಷಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಎರಡರ ನಡುವೆ ಎಷ್ಟು ಅಂತರ ಎಂದು ಲೆಕ್ಕ ಹಾಕಿದ್ದಾಳೆ. ಆ ಪ್ರಕಾರ ದೊಡ್ಡಪ್ಪನಿಗೆ ಒಬ್ಬ ಮಗ ಹುಟ್ಟಬೇಕಾದ ಕಾಲ ದಾಟಿಯೇ ಹೋಗಿದೆ. ಬಂದರೆ ಅಪ್ಪನಿಗಿಂತ ಹಗುರವಾಗಿ, ಸ್ವಿಚ್ಚು ಒತ್ತಿದೊಡನೆ ಎದ್ದು ಕೂರುವವನಾಗಿ ಬರುತ್ತಾನೆ. ಆದರೆ ಆ ಮನೆತನದವರು ಈಚೆಗೆ ಸಣ್ಣ ಸಣ್ಣ ಮಾದರಿಗಳಲ್ಲೇ ಕಾಲ ಕಳೆಯುತ್ತಿದ್ದಾರೆ, ನಂಬಿ ಕೂರುವ ಹಾಗಿಲ್ಲ. ಗುಮಾಸ್ತನಿಗೆ ಬರುವವನು ಇನ್ನೂ ದೊಡ್ಡ ಗುಮಾಸ್ತ, ಕಂಪ್ಯೂಟರಿನ ಜೊತೆ ನಂಟು ಬೆಳೆಸಿಕೊಂಡು ಬರುತ್ತಾನೆ, ಪುಟಗಳು ಕಡಿಮೆಯಾಗುವ ಲಕ್ಷಣವಿಲ್ಲ. ಆಸೆ ಇರುವುದು ಮದುಮಗಳ ತಂಗಿಯ ಮೇಲೆ. ಅವಳು ಒಂದು, ಒಂದೂವರೆ ವರ್ಷದಲ್ಲಿ ಬರಬಹುದಂತೆ. ಒತ್ತಿ ಹಿಡಿದ ಕೀಗಳಲ್ಲಿ ಯಾವುದನ್ನು ಎಷ್ಟು ಅದುಮಿದೆ ಎಂಬುದನ್ನು ಒಂದೊಂದಾಗಿ ಬೇರೆ ಬೇರೆ ಅರಿಯುವ ಹಲಗೆ, ಇದಕ್ಕಿಂತ ದೊಡ್ಡ ನೆನಪು, ಕೀಗಳಿಗೂ ಕೆಳಗೆ ಭಾರ ಮೇಲೆ ಹಗುರ ಎಂಬ ಮರ್ಯಾದೆ. ಅಂದರೆ ಅಕ್ಕನ ಚುರುಕು, ದೊಡ್ಡಪ್ಪನ ಬೆರಳು, ಎರಡೂ ಒಂದೇ ಕಡೆ.

ಶುಕ್ರವಾರ ಕಿವಿಯ ಡಾಕ್ಟರ ಹತ್ತಿರ ಹೋದೆವು. ನಿನ್ನ ಅಮ್ಮ ಪಾಳಿ ಮುಗಿಸಿ ನೇರವಾಗಿ ಬಂದು ನನ್ನ ಕೈ ಹಿಡಿದುಕೊಂಡು ಕೂತಿದ್ದಳು, ನಾನೇನೋ ಹೆರಿಗೆಗೆ ಬಂದವಳ ಹಾಗೆ. ಡಾಕ್ಟರಮ್ಮ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಕೀಂ ಕೀಂ ಎನ್ನಿಸಿ, ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗೆರೆ ನಡುವಿನವರೆಗೆ ಚೆನ್ನಾಗಿ ನಡೆದುಕೊಂಡು ಬಂದು ಆಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ವಯಸ್ಸು ಸ್ವಲ್ಪ, ಉಳಿದದ್ದು ಕಸುಬು. ತಂತಿ ಗಟ್ಟಿಯಾಗಿ ಕೂರಲೆಂದು ಮೇಲಿನ ಕೀಗಳನ್ನು ನಲವತ್ತಾರು ವರ್ಷ ಕುಟ್ಟಿ ಕುಟ್ಟಿ ಶ್ರುತಿ ಮಾಡಿದ್ದು ನಾನೇ ತಾನೆ. ಮಾತು ಕೇಳಿಸಿಕೊಳ್ಳಲು ಯಂತ್ರ ಕೊಡುತ್ತಾರಂತೆ, ಹೋದ ಮೇಲಿನ ಸ್ವರಗಳನ್ನು ಅದು ಮೊದಲಿನ ಹಾಗೆ ತಂದುಕೊಡುವುದಿಲ್ಲವಂತೆ. ಇದು ಇಲ್ಲಿಗೇ ನಿಲ್ಲುತ್ತದೆಯೇ ಎಂದು ಕೇಳಿದ್ದಕ್ಕೆ, ಇಲ್ಲ ಅಮ್ಮ, ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ ಎಂದು ನೇರವಾಗಿ ಹೇಳಿದರು. ನೇರವಾಗಿ ಹೇಳುವವರು ನನಗೆ ಇಷ್ಟ. ನಿನಗೆ ಎರಡನೇ ಸಲ ಹೇಳುತ್ತೇನೆ ಎಂದಿದ್ದೆನಲ್ಲ, ಈಗ ಹೇಳುತ್ತಿದ್ದೇನೆ: ಹತ್ತಿ ಇಟ್ಟುಕೋ.

ಬರುವಾಗ ಅಂಗಡಿಗೆ ಹೋಗಿ ಗ್ರಾಹಕರ ಪುಸ್ತಕವನ್ನು ಮತ್ತೆ ತರಿಸಿಕೊಂಡೆ. ನನ್ನ ಅರ್ಧ ಪುಟದ ಕೆಳಗೆ, ಮೂರೂ ಕೀಬೋರ್ಡುಗಳು ಸರಿಯಾಗಿವೆ, ದೋಷ ಗ್ರಾಹಕಳಲ್ಲಿದೆ ಎಂದು ಬರೆದು, ಈ ಸಲ ಸಣ್ಣದಾಗಿ ಸಹಿ ಹಾಕಿದೆ. ಇನ್ನೊಂದು ಬಾಕಿ ಇದೆ. ನಾನು ಕೆಲಸ ಬಿಡುವ ವರ್ಷ ಶಾಲೆಯ ಸಂಗೀತದ ಮೇಷ್ಟ್ರು, ಅಮ್ಮ, ಮೇಲಿನ ನಾಲ್ಕು ತಂತಿ ಸ್ವಲ್ಪ ಹೆಚ್ಚೇ ಬಿಗಿಯಾಯಿತೇನೋ ಎಂದಿದ್ದರು. ಕಿವಿಯಿಲ್ಲದವರು ಸಂಗೀತ ಹೇಳಿಕೊಡಬಾರದು ಎಂದು ಅವರ ಮುಖಕ್ಕೇ ಹೇಳಿ ಬಂದಿದ್ದೆ. ನಾಳೆ ಹೋಗಿ ತಪ್ಪಾಯಿತು ಎಂದು ಹೇಳಬೇಕು. ತಾತನೂ ಬರುತ್ತಾರಂತೆ, ನೋಡಿ ಮಜಾ ತೆಗೆದುಕೊಳ್ಳುವುದಕ್ಕೆ.

ಈಗ ವರದಿ. ನೀನು ಅಜ್ಜಿಯ ಕಿವಿಯನ್ನು ನಂಬಿ ಹದಿನಾರು ಪ್ರಶ್ನೆ ಕಳಿಸಿದೆ. ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಆದರೆ ಅದರಲ್ಲಿ ಕೆಳಗಿನ ಆರು ಸಪ್ತಕ ಮಾತ್ರ ನನ್ನ ಕಿವಿ, ಮೇಲಿನದು ನಿನ್ನ ತಾತನ ಕಿವಿ. ಮೂರರ ಇರುವೆ ಓಣಿಯೂ ಚೊಕ್ಕವಾಗಿದೆ, ಮದುಮಗಳದು ಎಲ್ಲಕ್ಕಿಂತ ತಿಳಿ ಎಂದು ಅವರ ಅಭಿಪ್ರಾಯ. ಬೆರಳು ಮಾತ್ರ ಪೂರ್ತಿ ನನ್ನವೇ, ಅವು ಇನ್ನೂ ಮೋಸ ಮಾಡಿಲ್ಲ. ಮನಸ್ಸಿಗೆ ಹಿಡಿಸಿದವನು ದೊಡ್ಡಪ್ಪ, ಆದರೆ ನಾಟಕದ ನಡುವೆ ಕರೆಂಟು ಹೋಗಿ ಬಂದರೆ ಎರಡೂವರೆ ನಿಮಿಷ ನೀನು ಬಾಯಲ್ಲೇ ತುತ್ತೂರಿ ಊದಬೇಕಾಗುತ್ತದೆ. ಗುಮಾಸ್ತ ನಿನ್ನಂಥ ಅವಸರದವಳಿಗಲ್ಲ. ಉಳಿದವಳು ಮದುಮಗಳು. ಅವಳ ತಂಗಿ ಒಂದೂವರೆ ವರ್ಷದಲ್ಲಿ ಬರುವವಳಿದ್ದರೆ, ಮತ್ತು ನೀನು ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ ಆದರೆ, ಬುದ್ಧಿವಂತರು ಮಾಡುವುದು ಒಂದೇ: ಕಾಯುವುದು. ಅಲ್ಲಿಯವರೆಗೆ ರಂಗಮಂದಿರದ ಹಳೆಯದರಲ್ಲಿ ನುಡಿಸು. ತಂಗಿಯನ್ನೇ ತೆಗೆದುಕೋ. ಇದು ಕಸುಬುದಾರಳಾಗಿ ನನ್ನ ತೀರ್ಪು.

ಬೆರಳು ಬೆಚ್ಚಗಿರಲಿ, ಬೆನ್ನು ನೆಟ್ಟಗಿರಲಿ, ಸಮುದ್ರ ನಿನ್ನ ಜೊತೆ ಸೌಮ್ಯವಾಗಿರಲಿ. ಕೇಕಿನ ಅಡುಗೆಯವನಿಗೆ ನನ್ನ ವಂದನೆ ತಿಳಿಸು. ಅಮ್ಮ ಮುತ್ತು ಕಳಿಸಿದ್ದಾಳೆ. ತಾತ ಏನು ಕಳಿಸಲಿ ಎಂದು ಯೋಚಿಸುತ್ತಿದ್ದಾರೆ.

ಸದಾ ನಿನ್ನ ಒಳಿತನ್ನೇ ಬಯಸುವ,
ನಿನ್ನ ಅಜ್ಜಿ

ತಾ.ಕ.: ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಇವತ್ತು ರಜೆಯಲ್ಲಿರುವ ನಿನ್ನ ಅಮ್ಮ ಸ್ಟೇಷನ್ನಿನ ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದಾಳೆ. ಲಕೋಟೆ ಅಂಟಿಸುವ ಮೊದಲು ತಾತನಿಗೆ ಎಲ್ಲವನ್ನೂ ಓದಿ ಹೇಳಿದೆ. ಬೆಂಚಿನ ಕಾಲಿಗೆ ನಕ್ಕರು, ತರಕಾರಿಗೆ ನಕ್ಕರು, ತೀರ್ಪಿಗೆ ಬಂದಾಗ ನಗಲಿಲ್ಲ. "ಅವಳು ಕಾಯ್ತಾಳೆ, ಸರಿ. ನಿನ್ನ ಕಿವಿ ಕಾಯುತ್ತಾ?" ಎಂದರು. ನಾನು ಮತ್ತೆ ಪೆನ್ನು ತೆಗೆದೆ. ಹಾಗಾಗಿ ಮೇಲಿನ ತೀರ್ಪನ್ನು ಹೊಡೆದುಹಾಕು. ಕಾಯಬೇಡ ಮಗಳೇ. ತಂಗಿ ಯಾವಾಗ ಬರುತ್ತಾಳೋ ಬರಲಿ, ನೀನು ಮದುಮಗಳನ್ನೇ ತೆಗೆದುಕೋ, ಮುಂದಿನ ಬಂದರಿನಿಂದಲೇ ಅಂಗಡಿಗೆ ಬರೆದುಬಿಡು. ತಾತ ಮಂಡಿಯ ಗೊಡವೆ ಮರೆತು ಆಗಲೇ ಅಳತೆಪಟ್ಟಿ ಹಿಡಿದು ಮೆಟ್ಟಿಲ ತಿರುವಿಗೆ ಇಳಿದಿದ್ದಾರೆ, ನಾಲ್ಕು ಬೆರಳು ಜಾಗ ಉಳಿಯುತ್ತದೆ ಎಂದು ಕೆಳಗಿನಿಂದ ಕೂಗುತ್ತಿದ್ದಾರೆ. ನೀನು ಬಂದ ದಿನ ಮೊದಲು ಮನೆಯಲ್ಲಿ ನುಡಿಸು, ರಂಗಮಂದಿರಕ್ಕೆ ಆಮೇಲೆ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಬಾ. ಕೇಳಿಸುವವರೆಗೆ ನಾನು ತಲೆಯಾಡಿಸುತ್ತ ಇರುತ್ತೇನೆ. ನಾನು ನಿಲ್ಲಿಸಿದೆ ಎಂದು ನೀನು ನಿಲ್ಲಿಸಬೇಡ, ಇರುವೆ ಓಣಿಯ ಕೊನೆಯವರೆಗೂ ಹೋಗು. ಅಲ್ಲಿಂದ ಮುಂದೆ ತಾತ ತಲೆಯಾಡಿಸುತ್ತಾರೆ.